ಮಾಲೆ ಹಾಕಿದ ಡಿಪಿ

ಡೊಂಬಿವಲಿ ಎಂಐಡಿಸಿಯ ವಸತಿ ಭಾಗದಲ್ಲಿ, ಎರಡನೆಯ ಮಹಡಿಯ ಒಂದು ಅಡುಗೆಮನೆಗೆ ದಿನವೂ ಬೆಳಿಗ್ಗೆ ಎಂಟೂವರೆಗೆ ಒಂದು ಬೆಳಕು ಬರುತ್ತದೆ. ನೇರ ಸೂರ್ಯನದಲ್ಲ, ಎದುರು ಕಟ್ಟಡದ ನೀರಿನ ಟಾಂಕಿಗೆ ಬಿದ್ದು, ಅಲ್ಲಿಂದ ಹೊರಳಿ ಬರುವಂಥದ್ದು. ಕಾರ್ಖಾನೆಗಳ ಕಡೆಯ ಮಬ್ಬನ್ನು ದಾಟಿ ಬರುವಷ್ಟರಲ್ಲಿ ಅದಕ್ಕೆ ಕೇಸರಿ ಹಾಕಿದ ಹಾಲಿನ ಬಣ್ಣ ಹತ್ತಿರುತ್ತದೆ. ಇಪ್ಪತ್ತು ನಿಮಿಷ ಇದ್ದು ಹೊರಟುಹೋಗುತ್ತದೆ. ಆ ಇಪ್ಪತ್ತು ನಿಮಿಷ ಜಯಲತಾಳದು. ಗ್ಯಾಸ್ ಆರಿಸಿ, ಕೈ ಒರೆಸಿಕೊಂಡು, ನೈಟಿಯ ಮೇಲೊಂದು ಒಳ್ಳೆಯ ದುಪಟ್ಟಾ ಹೊದ್ದು ಅವಳು ಕಿಟಕಿಯ ಬಳಿ ನಿಲ್ಲುತ್ತಾಳೆ. ಭುಜದಿಂದ ಕೆಳಗೆ ನೈಟಿ ಇದ್ದರೆ ಫೇಸ್‌ಬುಕ್ಕಿಗೇನು ಗೊತ್ತಾಗುತ್ತದೆ?

ಜಯಲತಾಳಿಗೆ ನಲವತ್ತೊಂಬತ್ತು. ಫೋನಿನೊಳಗಿರುವ ಜಯಲತಾ ಮೂವತ್ತಾರು ದಾಟುವುದಿಲ್ಲ. ಇವಳ ಎರಡೂ ಕೆನ್ನೆಯ ಮೇಲೆ ಬಂಗು ಹರಡಿದೆ, ಗಲ್ಲದ ಕೆಳಗೆ ಇನ್ನೊಂದು ಗಲ್ಲ ಬಂದು ಕೂತಿದೆ, ಎಡಗಣ್ಣು ಬಲಗಣ್ಣಿಗಿಂತ ಗುಲಗಂಜಿಯಷ್ಟು ಚಿಕ್ಕದು. ಫೋನಿನೊಳಗಿನವಳಿಗೆ ಇದ್ಯಾವುದೂ ಇಲ್ಲ. ಆ್ಯಪಿನಲ್ಲಿ ಒಂದು ಕಡೆ ಒತ್ತಿದರೆ ಬಂಗು ಹೋಗುತ್ತದೆ, ಇನ್ನೊಂದು ಕಡೆ ಒತ್ತಿದರೆ ಗಲ್ಲ ಹೋಗುತ್ತದೆ, ಮೂರನೆಯ ಕಡೆ ಒತ್ತಿದರೆ ಕಣ್ಣೊಳಗೆ ಯಾರೋ ದೀಪ ಹಚ್ಚಿಟ್ಟು ಹೋಗುತ್ತಾರೆ. ಹಾಗೆ ಸಿದ್ಧಳಾದ ಹೆಂಗಸನ್ನು ಜಯಲತಾ ಲೋಕಕ್ಕೆ ಕಳಿಸಿ, ತಾನು ಮತ್ತೆ ಗ್ಯಾಸ್ ಹೊತ್ತಿಸುತ್ತಾಳೆ.

ಇದು ಸುಮ್ಮನೆ ಹತ್ತಿಕೊಂಡ ಚಟವಲ್ಲ. ಆರು ವರ್ಷದ ಹಿಂದೆ ಠಾಣೆಯಲ್ಲಿ ಒಂದು ಮದುವೆಗೆ ಹೋಗಿದ್ದರು. ಹೊಸ ಸೀರೆ ಉಟ್ಟು ಗಂಡ ಪ್ರೇಮನಾಥನ ಪಕ್ಕ ನಿಂತಿದ್ದಾಗ, ಹುಡುಗಿ ಕಡೆಯ ಒಬ್ಬಾಕೆ ನಗುನಗುತ್ತ ಅವನನ್ನು ಕೇಳಿದಳು, "ಇವರು ನಿಮ್ಮ ಅಕ್ಕನಾ?" ಪ್ರೇಮನಾಥ ಹೊಟ್ಟೆ ಹಿಡಿದುಕೊಂಡು ನಕ್ಕ. ಒಳ್ಳೆಯ ಮನುಷ್ಯ, ತುರ್ಭೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರು, ಹೆಂಡತಿಯನ್ನು ಒಂದು ದಿನ ಗದರಿದವನಲ್ಲ. ಆದರೆ ಆ ನಗುವನ್ನು ಜಯಲತಾ ಇವತ್ತಿಗೂ ಕ್ಷಮಿಸಿಲ್ಲ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತವಳಿಗೆ ಆ ಹೆಂಗಸು ಹೇಳಿದ್ದು ನಿಜವೆಂದೇ ಕಂಡಿತು, ಅದರಿಂದ ಇನ್ನೂ ಹೆಚ್ಚು ನೋವಾಯಿತು.

ಫೋಟೊ ಹಾಕಿದ ಮೇಲೆ ಅವಳ ದಿನ ಒಂದು ತೆಳ್ಳನೆಯ ಜೋಂಪಿನಲ್ಲಿ ಸಾಗುತ್ತಿತ್ತು. ಪಾತ್ರೆ ತೊಳೆಯುವ ನೀರಿನ ಸದ್ದು ಎಲ್ಲೋ ದೂರದಿಂದ ಬರುತ್ತಿತ್ತು. ಕೆಳಗೆ ತರಕಾರಿ ಮಾರುವ ಭಾಜಿಯವನು ಕೂಗಿದರೆ ಪಕ್ಕದ ಊರಿನಲ್ಲಿ ಕೂಗಿದ ಹಾಗೆ. ಆಗಾಗ ಫೋನ್ ನಡುಗುತ್ತಿತ್ತು: ಒಂದು ಹೃದಯ, ಒಂದು ಹೆಬ್ಬೆರಳು, ಕಲ್ಯಾಣದ ಹಳೆಯ ನೆರೆಯಾಕೆಯ ಒಂದು ಗುಲಾಬಿ. ಒಂದು ಫೋಟೊಗೆ ಅವಳಿಗೆ ಈವರೆಗೆ ಸಿಕ್ಕ ಅತಿ ಹೆಚ್ಚು ಲೈಕು ನಲವತ್ತೊಂದು. ಆ ದಿನ ಅವಳು ಗಸಗಸೆ ಪಾಯಸ ಮಾಡಿದ್ದಳು, ಯಾಕೆಂದು ಪ್ರೇಮನಾಥ ಕೇಳಲಿಲ್ಲ, ಎರಡು ಸಲ ಬಡಿಸಿಕೊಂಡ.

ಗುರುವಾರ ಬೆಳಿಗ್ಗೆ ಮುಂಬಯಿಯಲ್ಲಿರುವ ಊರಿನವರ ಸಂಘದ ಫೇಸ್‌ಬುಕ್ ಪೇಜಿನಲ್ಲಿ ದಮಯಂತಿಯಕ್ಕನ ಶ್ರದ್ಧಾಂಜಲಿಯ ಕಾರ್ಡು ಬಂತು.

ದಮಯಂತಿಯಕ್ಕ ತೀರಿಕೊಂಡದ್ದು ಮಂಗಳವಾರ. ಕೋಪರಖೈರಣೆಯಲ್ಲಿ ಒಂದು ಚಿಕ್ಕ ಮನೆಯಿಂದ ಮಾರ್ಕೆಟಿನ ಗುಮಾಸ್ತರಿಗೆಲ್ಲ ಊಟದ ಡಬ್ಬ ಕಳಿಸುತ್ತಿದ್ದ ಹೆಂಗಸು. ಗಂಡ ಹೋಗಿ ಹನ್ನೆರಡು ವರ್ಷ, ಒಬ್ಬಳೇ ಮಗಳು. ಬೆಳಿಗ್ಗೆ ಸಾಂಬಾರಿಗೆ ಒಗ್ಗರಣೆ ಹಾಕುತ್ತ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ಸುದ್ದಿ ಡೊಂಬಿವಲಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಂಘದ ಮಹಿಳಾ ವಿಭಾಗದಲ್ಲಿ ದಮಯಂತಿಯಕ್ಕ ಸದಸ್ಯೆ, ಜಯಲತಾ ಕಾರ್ಯದರ್ಶಿ. ಮೂರು ವರ್ಷ ಒಂದೇ ಮೇಜಿನ ಸುತ್ತ ಕೂತವರು. ಜಯಲತಾ ಆ ಸಂಜೆ ಸ್ವಲ್ಪ ಅತ್ತಿದ್ದಳು. ಅದು ನಿಜವಾದ ಅಳುವೇ.

ಗುರುವಾರದ ಕಾರ್ಡಿನಲ್ಲಿ ಸುತ್ತ ಚೆಂಡುಹೂವಿನ ಅಂಚು, ಎರಡು ಬದಿ ಎರಡು ದೀಪ, ಕೆಳಗೆ ದಪ್ಪ ಅಕ್ಷರದಲ್ಲಿ ದಮಯಂತಿಯಕ್ಕನ ಹೆಸರು. ಮಧ್ಯದ ದುಂಡು ಚೌಕಟ್ಟಿನಲ್ಲಿ ಜಯಲತಾ ನಗುತ್ತಿದ್ದಳು.

ಹೆದರಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಫೋನನ್ನೇ ಕೈಬಿಡುತ್ತಿದ್ದರು. ಇವಳಿಗೆ ಮೊಟ್ಟಮೊದಲು ಅನಿಸಿದ್ದು, ಚೆಂಡುಹೂವಿನ ಬಣ್ಣ ತನಗೆ ಎಷ್ಟು ಒಪ್ಪುತ್ತದೆ ಎಂದು. ಅದಾದ ಮೇಲೆ ಬೆನ್ನು ತಣ್ಣಗಾಯಿತು. ಬುಧವಾರ ಬೆಳಿಗ್ಗೆ ವಾಟ್ಸಾಪಿನ ಡಿಪಿಗೆ ಹಾಕಿ, ಸಾಲದೆನಿಸಿ ಸಂಜೆಗೆ ಬದಲಿಸಿದ್ದ ಫೋಟೊ ಅದು.

ಹೇಗಾಯಿತೆಂದು ಲೆಕ್ಕ ಹಾಕಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಾರ್ಡು ಮಾಡುವವನು ಕಲ್ಯಾಣದ ಲೀಲಾಧರ. ಸಂಘದಲ್ಲಿ ಯಾರು ಹುಟ್ಟಿದರೂ ಯಾರು ಸತ್ತರೂ ಒಂದೇ ಚೆಂಡುಹೂವಿನ ಅಂಚು ಹಾಕಿ ಹೊತ್ತಿಗೆ ಸರಿಯಾಗಿ ಕಾರ್ಡು ಬಿಡುವ ಉತ್ಸಾಹಿ. ದಮಯಂತಿಯಕ್ಕನನ್ನು ಅವನು ಕಂಡವನಲ್ಲ. ಸದಸ್ಯತ್ವದ ಅರ್ಜಿ ತೆಗೆದು, ಅದರಲ್ಲಿದ್ದ ನಂಬರಿನ ಡಿಪಿ ನೋಡಿ ಫೋಟೊ ಎತ್ತಿದ್ದಾನೆ. ಆ ನಂಬರು ಜಯಲತಾಳದು. ಮೂರು ವರ್ಷದ ಹಿಂದೆ ಅರ್ಜಿ ತುಂಬಿಸುವಾಗ ದಮಯಂತಿಯಕ್ಕನ ಬಳಿ ಗುಂಡಿ ಒತ್ತುವ ಫೋನಿತ್ತು. "ನಿನ್ನ ನಂಬರೇ ಬರಿ ಜಯಾ. ಮೀಟಿಂಗಿದ್ರೆ ನೀನು ನನಗೆ ಒಂದು ಫೋನ್ ಮಾಡಿ ಹೇಳು, ಆಯ್ತಲ್ಲ" ಎಂದಿದ್ದಳು. ಸಂಘದಲ್ಲಿ ಹಾಗೆ ಒಬ್ಬರ ನಂಬರಿನ ನೆರಳಿನಲ್ಲಿ ಇರುವ ಹೆಂಗಸರು ಇನ್ನೂ ಏಳೆಂಟು ಜನ ಇದ್ದಾರೆ.

"ಲೀಲಾಧರಣ್ಣ, ಫೋಟೊ ತಪ್ಪಾಗಿ" ಎಂದು ಬರೆಯಲು ಶುರುಮಾಡಿದಳು. ಆಗ ಕಾರ್ಡಿನ ಕೆಳಗೆ ಜನ ಬರತೊಡಗಿದರು.

"ಎಂಥ ಲಕ್ಷಣದ ಹೆಂಗಸು. ಓಂ ಶಾಂತಿ."

"ಈ ನಗು ಇನ್ನು ನೋಡಲಿಕ್ಕೆ ಸಿಗುವುದಿಲ್ಲವಲ್ಲ."

"ಇವರ ಕೈಯೂಟ ನಾಲ್ಕು ವರ್ಷ ಉಂಡಿದ್ದೇನೆ. ಮುಖದಲ್ಲೇ ಲಕ್ಷ್ಮೀಕಳೆ ಇತ್ತು."

ಬೆರಳು ನಿಂತಿತು. ಒಂದೇ ಒಂದು ಓದಿ ಆಮೇಲೆ ಬರೆಯೋಣ ಎಂದುಕೊಂಡಳು. ಆ ಒಂದರ ಹಿಂದೆ ಇನ್ನೊಂದು ಬಂತು. ಠಾಣೆಯಿಂದ, ಐರೋಲಿಯಿಂದ, ಕಲ್ಯಾಣದಿಂದ, ಅವಳು ಹೆಸರೇ ಕೇಳದ ಜನ ಅವಳ ಮುಖದ ಮುಂದೆ ಕೈ ಮುಗಿದು ಹೋಗುತ್ತಿದ್ದರು. ಮಧ್ಯಾಹ್ನಕ್ಕೆ ಇನ್ನೂರು. ನಾಲ್ಕು ಗಂಟೆಗೆ ಮುನ್ನೂರ ಎಪ್ಪತ್ತು. ಅಕ್ಕಿ ನೆನೆಹಾಕಲು ಮರೆತಳು, ಬಟ್ಟೆ ಹಗ್ಗದಲ್ಲೇ ಉಳಿಯಿತು. ಮಹಿಳಾ ವಿಭಾಗದ ಅಧ್ಯಕ್ಷೆ ಶರ್ಮಿಳಾ ಬರೆದದ್ದನ್ನು ಮಾತ್ರ ಎರಡು ಸಲ ಓದಿದಳು. "ನಮ್ಮ ದಮಯಂತಿಯಕ್ಕ. ಆ ಮುಖ ಕಣ್ಣ ಮುಂದೆಯೇ ಉಂಟು." ಶರ್ಮಿಳಾ ತಿಂಗಳಿಗೆ ಎರಡು ಸಲ ಇಬ್ಬರನ್ನೂ ಎದುರೆದುರು ಕೂರಿಸಿಕೊಂಡು ಮೀಟಿಂಗ್ ಮಾಡಿದವಳು. ದಮಯಂತಿಯಕ್ಕ ಕಪ್ಪಗೆ, ಎತ್ತರಕ್ಕೆ, ಮುಂದಿನ ಎರಡು ಹಲ್ಲು ತುಸು ಹೊರಗೆ ಬಂದವಳು. ಆ ಮುಖ ಅಷ್ಟು ಬೇಗ ಮರೆತುಹೋಗುತ್ತದೆಯೇ?

ಆದರೆ ಆ ಪ್ರಶ್ನೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಫೋನ್ ಮತ್ತೆ ನಡುಗಿತು.

ಸಂಜೆ ಪ್ರೇಮನಾಥ ಬಂದ. ಶರ್ಟು ಬಿಚ್ಚುವ ಮೊದಲೇ ಫೋನ್ ಅವಳ ಮುಂದೆ ಹಿಡಿದ.

"ನೋಡಿದೆಯಾ, ದಮಯಂತಿಯಕ್ಕನ ಫೋಟೊ ಎಷ್ಟು ಚಂದ ಬಂದಿದೆ. ಹೋಟೆಲಲ್ಲಿ ಎಲ್ಲರಿಗೂ ತೋರಿಸಿದೆ. ಪಾಪ, ಇಷ್ಟು ಚಂದ ಇದ್ರು ಅಂತ ಗೊತ್ತೇ ಇರ್ಲಿಲ್ಲ ಮಾರಾಯ್ತಿ."

ಜಯಲತಾಳ ಕೈಯಲ್ಲಿ ಚಹಾದ ಲೋಟವಿತ್ತು. "ಯಾರ ಹಾಗೆ ಕಾಣ್ತದೆ ನಿಮಗೆ?" ಎಂದು ಕೇಳಿದಳು.

ಅವನು ಫೋನನ್ನು ದೂರ ಹಿಡಿದು, ಕನ್ನಡಕ ಹಣೆಗೇರಿಸಿ ನೋಡಿದ. ಅವಳು ಅವನ ಎದುರಿಗೇ, ಟ್ಯೂಬ್‌ಲೈಟಿನ ಕೆಳಗೆ ನಿಂತಿದ್ದಳು. "ಯಾರೋ ಸೀರಿಯಲ್‌ನವಳ ಹಾಗೆ" ಎಂದು ಹೇಳಿ ಅವನು ಕಾಲು ತೊಳೆಯಲು ಹೋದ.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಗಂಡ ಅವಳ ಮುಖವನ್ನು ಇಷ್ಟು ಬಾಯ್ತುಂಬ ಹೊಗಳಿದ್ದು ಅದೇ ಮೊದಲು. ಅವಳಿಗೆ ಸಂತೋಷವಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅದೇ ಗಳಿಗೆಯಲ್ಲಿ ಅವಳಿಗೆ ಕೂಗಿಕೊಳ್ಳಬೇಕೆಂದೂ ಅನಿಸಿತು: ಕಣ್ಣು ಬಿಟ್ಟು ನೋಡಿ, ಇದು ನಾನು. ಕೂಗಲಿಲ್ಲ. ಚಹಾ ತಣ್ಣಗಾಗಿತ್ತು, ಮತ್ತೆ ಬಿಸಿ ಮಾಡಿ ತಂದಳು.

ಶುಕ್ರವಾರವೂ ಶನಿವಾರವೂ ಅವಳು ನೆಲಕ್ಕಿಂತ ಒಂದು ಗೇಣು ಮೇಲೆಯೇ ಓಡಾಡಿದಳು. ಫೋನಿನೊಳಗಿನ ಹೆಂಗಸು ಈಗ ಅವಳ ಕೈಮೀರಿ ಬೆಳೆದಿದ್ದಳು. ಅವಳಿಗೊಂದು ಬದುಕು ಬಂದಿತ್ತು, ನೂರಾರು ಜನಕ್ಕೆ ಅನ್ನ ಹಾಕಿದ ಪುಣ್ಯ ಬಂದಿತ್ತು, ಅಳುವವರು ಬಂದಿದ್ದರು. ಕಿಟಕಿಯ ಬೆಳಕು ಎಂಟೂವರೆಗೆ ಬಂದು ಅಡುಗೆಮನೆಯಲ್ಲಿ ನಿಂತರೂ ಜಯಲತಾ ಫೋಟೊ ತೆಗೆಯಲಿಲ್ಲ. ಸ್ಟೂಲಿನ ಮೇಲೆ ಕೂತು ಓದುತ್ತಿದ್ದಳು. ಹೀಗೆ ನನ್ನನ್ನು ನೋಡಿ ಯಾರಾದರೂ ಹೇಳಬೇಕು ಎಂದು ಆರು ವರ್ಷ ಕಾದಿದ್ದೇನೆ, ಎರಡು ದಿನ ಓದಿದರೆ ಯಾರ ಗಂಟು ಹೋಗುತ್ತದೆ ಎಂದು ತನಗೆ ತಾನೇ ವಾದ ಮಾಡಿಕೊಂಡಳು. ಯಾರ ಗಂಟು ಹೋಗುತ್ತದೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ದಮಯಂತಿಯಕ್ಕನ ಮಗಳು ರಮಿತಾ ಇದ್ದಳು.

ಆ ಹುಡುಗಿ ಯಾಕೆ ಏನೂ ಹೇಳುತ್ತಿಲ್ಲ? ಅಮ್ಮನ ಮುಖ ಮಗಳಿಗೂ ತಿಳಿಯದೆ? ಶನಿವಾರ ಹೆದರುತ್ತ ಹೆದರುತ್ತ ಜಯಲತಾ ರಮಿತಾಳ ಹೆಸರು ತೆರೆದು ನೋಡಿದಳು. ರಮಿತಾಳ ಡಿಪಿಯಲ್ಲೂ ಅದೇ ಚೆಂಡುಹೂವಿನ ಅಂಚು, ಅದೇ ನಗು. ಜಯಲತಾ ಫೋನನ್ನು ಅಕ್ಕಿಯ ಡಬ್ಬದ ಹಿಂದೆ ಇಟ್ಟು, ಅರ್ಧ ಗಂಟೆ ಅದರ ಕಡೆ ಹೋಗಲಿಲ್ಲ.

ಅಷ್ಟರಲ್ಲಿ ಶರ್ಮಿಳಾ ಫೋನ್ ಮಾಡಿದಳು. "ನಾಳೆ ನಾಲ್ಕು ಗಂಟೆಗೆ ಕೋಪರಖೈರಣೆಯಲ್ಲಿ ಶ್ರದ್ಧಾಂಜಲಿ ಸಭೆ. ಲೀಲಾಧರ ಫೋಟೊ ದೊಡ್ಡದು ಮಾಡಿಸಿ ತರ್ತಾನೆ. ಮಾಲೆ ನೀನು ತಾ ಜಯಾ, ಡೊಂಬಿವಲಿಯಲ್ಲಿ ಊರಿನ ಮಲ್ಲಿಗೆ ಸಿಗ್ತದಲ್ಲ. ಮಹಿಳಾ ವಿಭಾಗದ ಪರವಾಗಿ ಕಾರ್ಯದರ್ಶಿಯೇ ಹಾಕಿದ್ರೆ ಚಂದ."

"ಆಯ್ತು" ಎಂದಳು ಜಯಲತಾ. ಬೇರೆ ಏನು ಹೇಳುವುದು?

ಭಾನುವಾರ ರೈಲು ಹಳಿ ದುರಸ್ತಿಯ ಮೆಗಾಬ್ಲಾಕು. ಡೊಂಬಿವಲಿಯಿಂದ ಠಾಣೆಗೆ ಬರುವ ಲೋಕಲ್ಲು ನಿಂತು ನಿಂತು ಬಂತು. ಠಾಣೆಯಲ್ಲಿ ಹತ್ತನೆಯ ಪ್ಲಾಟ್‌ಫಾರ್ಮಿನಲ್ಲಿ ನವಿ ಮುಂಬಯಿಯ ಗಾಡಿ ಹಿಡಿದು, ಲೇಡೀಸ್ ಡಬ್ಬದಲ್ಲಿ ಕಿಟಕಿ ಬದಿಗೆ ಕೂತಳು. ತೊಡೆಯ ಮೇಲೆ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಮಾಲೆ. ಊರಿನ ಬಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಹೂವು, ಒದ್ದೆ ಬಟ್ಟೆಯೊಳಗೂ ಸುಮ್ಮನಿರಲಿಲ್ಲ; ಎದುರು ಕೂತ ಮರಾಠಿ ಹೆಂಗಸು ಕಣ್ಣು ಮುಚ್ಚಿ ಮೂಸಿ, "ಕೋಣಾಚಂ ಲಗ್ನ?" ಎಂದು ಕೇಳಿದಳು. ಯಾರ ಮದುವೆಯೂ ಅಲ್ಲ ಎಂದು ಜಯಲತಾ ತಲೆಯಾಡಿಸಿದಳು. ಐರೋಲಿ ಬಂತು, ರಬಾಳೆ ಬಂತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರದ ಹಿನ್ನೀರಿನ ಖಾಡಿಯ ಮೇಲಿನ ಮಂಜಿನಂಥ ಬಿಸಿಲು. ಕಿಟಕಿಯ ಗಾಜಿನಲ್ಲಿ ಅವಳ ಮುಖ ತೇಲುತ್ತ ಬರುತ್ತಿತ್ತು, ಬಂಗು ಕಾಣುತ್ತಿರಲಿಲ್ಲ, ಗಲ್ಲ ಕಾಣುತ್ತಿರಲಿಲ್ಲ, ಗಿಡಗಳೂ ಕಂಬಗಳೂ ಅದರೊಳಗಿಂದಲೇ ಹಾದುಹೋಗುತ್ತಿದ್ದವು. ಬದುಕಿರುವವರ ಫೋಟೊಕ್ಕೆ ಮಾಲೆ ಹಾಕಬಾರದು ಎಂದು ಅವಳ ಅಜ್ಜಿ ಹೇಳುತ್ತಿದ್ದಳು, ಫೋಟೊದಲ್ಲಿರುವವರ ಆಯುಸ್ಸು ಹೂವಿನೊಂದಿಗೆ ಬಾಡುತ್ತದೆ ಎಂದು. ತನ್ನದೇ ಫೋಟೊಕ್ಕೆ ತಾನೇ ಹಾಕಿದರೆ ಏನಾಗುತ್ತದೆಂದು ಅಜ್ಜಿ ಹೇಳಿರಲಿಲ್ಲ. ಆ ಪ್ರಶ್ನೆ ಕೇಳುವ ಮೊಮ್ಮಗಳು ಹುಟ್ಟುತ್ತಾಳೆಂದು ಅಜ್ಜಿಗೆ ಹೇಗೆ ಗೊತ್ತಿರಬೇಕು.

ಸಭೆಯ ಹಾಲ್ ಮೊದಲ ಮಹಡಿಯಲ್ಲಿತ್ತು, ಕೆಳಗೆ ತರಕಾರಿ ಮಾರುವವರ ಗದ್ದಲ. ಐವತ್ತರಷ್ಟು ಪ್ಲಾಸ್ಟಿಕ್ ಕುರ್ಚಿ, ಬಹುತೇಕ ತುಂಬಿದ್ದವು. ತುರ್ಭೆಯಿಂದ ನೇರವಾಗಿ ಬಂದಿದ್ದ ಪ್ರೇಮನಾಥ ಎರಡನೆಯ ಸಾಲಿನಿಂದ ಕೈ ಎತ್ತಿದ. ಮುಂದೆ ಸ್ಟ್ಯಾಂಡಿನ ಮೇಲೆ ಫ್ಲೆಕ್ಸು.

ನಾಲ್ಕು ಅಡಿ ಎತ್ತರದ ಮುಖ. ಫೋನಿನಲ್ಲಿ ಅಂಗೈಯಷ್ಟಿದ್ದಾಗ ಕಾಣದ್ದು ಈಗ ಕಂಡಿತು. ಕೆನ್ನೆಯ ಮೇಲೆ ಒಂದು ರಂಧ್ರವಿಲ್ಲ, ಒಂದು ಗೆರೆಯಿಲ್ಲ, ಸೋಪಿನ ಬಿಲ್ಲೆಯ ಹಾಗೆ ನುಣ್ಣಗಿತ್ತು. ಕಣ್ಣು ಎರಡೂ ಒಂದೇ ಅಳತೆ. ಜಯಲತಾ ಅದರಲ್ಲಿ ತನ್ನನ್ನು ಹುಡುಕಿದಳು, ಸಿಗಲಿಲ್ಲ. ಗಂಡನಿಗೆ ಗೊತ್ತಾಗಲಿಲ್ಲವೆಂದು ಎರಡು ದಿನ ಒಳಗೊಳಗೇ ಕೊರಗಿದ್ದು ಅನ್ಯಾಯವೆನಿಸಿತು.

ಬಿಳಿ ಕುರ್ತಾ ಹಾಕಿದ ರಮಿತಾ ಎದ್ದು ಬಂದು ಅವಳ ಕೈ ಹಿಡಿದಳು. ಇಪ್ಪತ್ತಮೂರರ ಹುಡುಗಿ, ಇಲ್ಲೇ ಹುಟ್ಟಿ ಬೆಳೆದವಳು, ವಾಶಿಯಲ್ಲಿ ಕೆಲಸ. ಎತ್ತರ ಅಮ್ಮನದೇ, ಹಲ್ಲೂ ಅಮ್ಮನದೇ.

"ಥ್ಯಾಂಕ್ಯೂ ಆಂಟಿ, ನೀವು ಬಂದ್ರಲ್ಲ. ಫೋಟೊ ಅಚ್ಛಾ ಆಯಾ ಹೈ ನಾ? ಅಮ್ಮಂದು ಒಂದೂ ಫೋಟೊ ಇರ್ಲಿಲ್ಲ ಆಂಟಿ. ಕ್ಯಾಮೆರಾ ತೆಗೆದ್ರೆ ಸಾಕು, ಪ್ಲೇಟ್ ತರ್ತೇನೆ ಅಂತ ಎದ್ದು ಹೋಗ್ತಿದ್ರು. ಆಧಾರ್ ಕಾರ್ಡಿಂದು ಮಾತ್ರ. ಲೀಲಾಧರಣ್ಣ ಅದನ್ನೇ ಯಾವುದೋ ಎಐ ಆ್ಯಪಲ್ಲಿ ಹಾಕಿ ಸರಿ ಮಾಡಿದ್ದಾರೆ ಅಂದ್ಕೊಂಡೆ." ಸ್ವಲ್ಪ ತಡೆದು, ದನಿ ಇಳಿಸಿ ಹೇಳಿದಳು, "ಅಮ್ಮನ ಹಾಗೆ ಜಾಸ್ತಿ ಇಲ್ಲ, ಪತಾ ಹೈ. ಆದ್ರೆ ಎಲ್ರೂ ಚಂದ ಚಂದ ಅಂತಿದ್ದಾರೆ. ಅಮ್ಮನಿಗೆ ಯಾರೂ ಯಾವತ್ತೂ ಹಾಗೆ ಹೇಳಿರ್ಲಿಲ್ಲ. ಅದಕ್ಕೆ ಸುಮ್ಮನಾದೆ."

ಜಯಲತಾ ಮಾಲೆಯ ಪೊಟ್ಟಣವನ್ನು ಇನ್ನೊಂದು ಕೈಗೆ ಬದಲಿಸಿದಳು. ಎರಡು ದಿನ ತಾನು ಸ್ಟೂಲಿನ ಮೇಲೆ ಕೂತು ಕುಡಿದ ಹೊಗಳಿಕೆಯನ್ನೇ ಈ ಹುಡುಗಿಯೂ ಕುಡಿದು ಹೇಗೋ ಉಸಿರಾಡುತ್ತಿದ್ದಳು. ಇದನ್ನು ಈಗ ಕಸಿಯಬೇಕೇ? ಸುಮ್ಮನೆ ಮಾಲೆ ಹಾಕಿ ಕೂತರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹುಡುಗಿಗೆ ಸಮಾಧಾನ, ಸಂಘಕ್ಕೆ ಸಮಾಧಾನ, ತನ್ನ ಮಾನವೂ ಉಳಿಯುತ್ತದೆ.

ಶರ್ಮಿಳಾ ಮೈಕಿನಲ್ಲಿ ನಾಲ್ಕು ಒಳ್ಳೆಯ ಮಾತು ಆಡಿ, "ಈಗ ನಮ್ಮ ಕಾರ್ಯದರ್ಶಿ ಜಯಲತಾ ಮಾಲಾರ್ಪಣೆ ಮಾಡ್ತಾರೆ" ಎಂದಳು. ಜಯಲತಾ ಬಾಳೆಲೆ ಬಿಚ್ಚಿದಳು. ಹಾಲ್ ತುಂಬ ಮಲ್ಲಿಗೆಯ ಕಂಪು ಹರಡಿತು. ಎರಡು ಕೈಯಲ್ಲಿ ಮಾಲೆ ಎತ್ತಿ ಹಿಡಿದು ಫ್ಲೆಕ್ಸಿನ ಮುಂದೆ ನಿಂತಳು. ನಾಲ್ಕಡಿಯ ಹೆಂಗಸು ಅವಳನ್ನು ನೋಡಿ ನಗುತ್ತಲೇ ಇದ್ದಳು. ಮೂರು ವರ್ಷ ಪಕ್ಕದಲ್ಲಿ ಕೂತ ದಮಯಂತಿಯಕ್ಕ ಈ ಹಾಲ್‌ನಲ್ಲಿ ಎಲ್ಲಿಯೂ ಇರಲಿಲ್ಲ. ಅವಳಿಗಾಗಿ ಕರೆದ ಸಭೆಗೆ ಅವಳೊಬ್ಬಳೇ ಬಂದಿರಲಿಲ್ಲ.

ಕೈ ಇಳಿಯಿತು.

"ಇದು ದಮಯಂತಿಯಕ್ಕ ಅಲ್ಲ" ಎಂದಳು. "ಇದು ನಾನು."

ಶರ್ಮಿಳಾ ಮೈಕು ಬಿಟ್ಟು ಬಂದು ಅವಳ ತೋಳು ಹಿಡಿದು, "ತಲೆ ತಿರುಗ್ತಾ ಉಂಟಾ ಜಯಾ? ಬಾ, ಕೂತ್ಕೋ, ನೀರು ಕುಡಿ" ಎಂದಳು. ದುಃಖದಲ್ಲಿ ಏನೋ ಹೇಳುತ್ತಿದ್ದಾಳೆಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು.

"ಅಕ್ಕ, ನಾನು ಅವರ ನಂಬರಿನ ಡಿಪಿಯಿಂದಲೇ ತೆಗೆದದ್ದು" ಎಂದ ಲೀಲಾಧರ. ಮನಸ್ಸಿಗೆ ನೋವಾಗಿತ್ತು ಅವನಿಗೆ. "ಬೇಕಿದ್ರೆ ಈಗಲೇ ಆ ನಂಬರಿಗೆ ಫೋನ್ ಮಾಡಿ ತೋರಿಸ್ತೇನೆ." ಫೋನ್ ತೆಗೆದು ಅರ್ಜಿಯಲ್ಲಿದ್ದ ನಂಬರಿಗೆ ಕರೆ ಮಾಡಿದ.

ಜಯಲತಾಳ ಚೀಲದೊಳಗೆ ಫೋನ್ ಮೊಳಗಿತು.

ಅದು ನಿಲ್ಲುವವರೆಗೆ ಎಲ್ಲರೂ ಕೇಳಿದರು. ಆಮೇಲೆ ಐವತ್ತು ಜನ ಒಮ್ಮೆ ಫ್ಲೆಕ್ಸನ್ನು ನೋಡಿದರು, ಒಮ್ಮೆ ಅವಳನ್ನು ನೋಡಿದರು. ಬಂಗು ನೋಡಿದರು, ಗಲ್ಲ ನೋಡಿದರು, ಮತ್ತೆ ಫ್ಲೆಕ್ಸು ನೋಡಿದರು. ಯಾರೋ ಒಬ್ಬಾಕೆ ಕೆಮ್ಮಿನಂತೆ ನಕ್ಕಳು. ಆರು ವರ್ಷದಿಂದ ಯಾವುದಕ್ಕೆ ಹೆದರಿಕೊಂಡಿದ್ದಳೋ ಅದು ಬಂದು ಎದುರು ನಿಂತಿತ್ತು, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಹೋಲಿಸಿ ನೋಡಲು ಪಕ್ಕದಲ್ಲೇ ಅಳತೆಯ ಸಮೇತ. ಜಯಲತಾಳಿಗೆ ನಾಚಿಕೆಯಿಂದ ಕಿವಿ ಉರಿಯಿತು. ಆದರೂ ಅವಳು ಮುಖ ತಗ್ಗಿಸಲಿಲ್ಲ, ತಗ್ಗಿಸಿದರೆ ಹೇಳಿದ್ದನ್ನು ಯಾರೂ ನಂಬುವುದಿಲ್ಲ ಎಂದು.

ಎರಡನೆಯ ಸಾಲಿನಿಂದ ಪ್ರೇಮನಾಥ ಎದ್ದ. ಫ್ಲೆಕ್ಸಿನ ಬಳಿ ಬಂದು ಕ್ಷಣ ಹೊತ್ತು ನಿಂತು ನೋಡಿ, "ಹೌದು, ಮೂಗುತಿ ಇವಳದ್ದೇ" ಎಂದ, ಯಾರಿಗೂ ಅಲ್ಲ ಎಂಬಂತೆ. ಸ್ಟ್ಯಾಂಡನ್ನು ಎರಡು ಕೈಯಲ್ಲಿ ಎತ್ತಿ, ಆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟ. ಅವನ ಕಣ್ಣು ಒದ್ದೆಯಾದದ್ದನ್ನು ಜಯಲತಾ ಕಂಡಳು.

ಈಗ ಮುಂದೆ ಬರೀ ಬಿಳಿ ಹಿಂಬದಿ ಇತ್ತು. ರಮಿತಾ ಅದನ್ನೇ ನೋಡುತ್ತಿದ್ದಳು.

"ಫಿರ್ ಅಮ್ಮಾ ಕಿಧರ್ ಹೈ?" ಎಂದಳು. ದೊಡ್ಡ ದನಿಯೇನಲ್ಲ. ಕಳೆದುಹೋದ ಕೀಲಿಕೈಯನ್ನು ಕೇಳುವ ಹಾಗೆ ಕೇಳಿದಳು, ಹಾಗಾದರೆ ಅಮ್ಮ ಎಲ್ಲಿ ಎಂದು.

ಶರ್ಮಿಳಾ ತನ್ನ ಫೋನಿನಲ್ಲಿ ಹುಡುಕಿದಳು, ಇನ್ನಿಬ್ಬರೂ ಹುಡುಕಿದರು. ಅರಿಸಿನ ಕುಂಕುಮದ ಗ್ರೂಪ್ ಫೋಟೊದಲ್ಲಿ ಎಲ್ಲರೂ ಇದ್ದರು, ದಮಯಂತಿಯಕ್ಕ ಪ್ಲೇಟ್ ತರಲು ಹೋಗಿದ್ದಳು. ವಾರ್ಷಿಕೋತ್ಸವದ್ದರಲ್ಲೂ ಹಾಗೆಯೇ. ಆಗ ರಮಿತಾ ಜಯಲತಾಳ ಕಡೆ ತಿರುಗಿದಳು.

"ಆಂಟಿ, ನೀವು ಅಷ್ಟು ಸೆಲ್ಫಿ ತೆಗೀತೀರಿ. ಅಮ್ಮ ಯಾವಾಗ್ಲೂ ಹೇಳ್ತಿದ್ರು. ನಿಮ್ಮ ಹಿಂದೆ ಎಲ್ಲಾದ್ರೂ ಬಂದಿರ್ಬೇಕಲ್ವಾ? ಹಾಕದೆ ಇದ್ದದ್ದು, ಡಿಲೀಟ್ ಮಾಡದೆ ಇದ್ದದ್ದು?"

ಇದ್ದವು. ಒಂದನ್ನು ಲೋಕಕ್ಕೆ ಕಳಿಸಬೇಕಾದರೆ ಮೂವತ್ತು ತೆಗೆಯಬೇಕು. ಆ್ಯಪಿನ ಕೈಗೆ ಸಿಗುವ ಮೊದಲಿನ ಮುಖಗಳು, ನಾಲ್ಕು ಸಾವಿರಕ್ಕೂ ಹೆಚ್ಚು: ಕಣ್ಣು ಅರ್ಧ ಮುಚ್ಚಿದವು, ಬಾಯಿ ಸೊಟ್ಟಗಾದವು, ತುಟಿ ಚೂಪು ಮಾಡಿ ಹುಡುಗಿಯ ಹಾಗೆ ನಿಲ್ಲಲು ಹೋದವು, ಸುಮ್ಮನೆ ಅತ್ತ ಒಂದೆರಡೂ. ಪ್ರೇಮನಾಥನಿಗೂ ತೋರಿಸಿದ್ದಿಲ್ಲ. ಗೋಡೆಗೆ ತಿರುಗಿಸಿದ ಫ್ಲೆಕ್ಸಿಗಿಂತ ಇದು ಸಾವಿರ ಪಾಲು ಹೆಚ್ಚು ನಾಚಿಕೆಯ ವಿಷಯ. ಜಯಲತಾ ಫೋನಿನ ಬೀಗ ತೆಗೆದು, ಮಗುವನ್ನು ಕೊಟ್ಟ ಹಾಗೆ ಎರಡೂ ಕೈಯಿಂದ ಹುಡುಗಿಗೆ ಕೊಟ್ಟಳು.

ಇಬ್ಬರೂ ಮೊದಲ ಸಾಲಿನಲ್ಲಿ ಕೂತರು. ರಮಿತಾ ಒಂದೊಂದಾಗಿ ಸರಿಸತೊಡಗಿದಳು. ಜಯಲತಾ ಮೈ ಬಿಗಿಹಿಡಿದು ಕಾದಳು, ಈಗ ನಗುತ್ತಾಳೆ, ಈಗ ನಗುತ್ತಾಳೆ ಎಂದು. ಹತ್ತಾರು ಕಳೆದ ಮೇಲೆ ಅವಳಿಗೆ ತಿಳಿಯಿತು: ಹುಡುಗಿ ಅವಳ ಮುಖವನ್ನು ನೋಡುತ್ತಲೇ ಇರಲಿಲ್ಲ. ಪ್ರತಿ ಫೋಟೊದಲ್ಲೂ ಎರಡು ಬೆರಳಿಟ್ಟು ಮೂಲೆಗಳನ್ನು ದೊಡ್ಡದು ಮಾಡುತ್ತಿದ್ದಳು, ಅವಳ ಕಿವಿಯ ಆಚೆ, ಭುಜದ ಆಚೆ. ಒಂದರಲ್ಲಿ ಹಸಿರು ಬಳೆ ಹಾಕಿದ ಮೊಣಕೈ ಸಿಕ್ಕಿತು. "ಅಮ್ಮಂದು" ಎಂದಳು ರಮಿತಾ. ಇನ್ನೊಂದರಲ್ಲಿ ಟ್ರೇ ಹಿಡಿದು ಬಾಗಿಲು ದಾಟುತ್ತಿರುವ ಬೆನ್ನು. ಮತ್ತೊಂದರಲ್ಲಿ ಬರೀ ಸೆರಗಿನ ತುದಿ. ಸಾವಿರ ಮುಖಗಳನ್ನು ಒಬ್ಬರು ಹೀಗೆ ಪಕ್ಕಕ್ಕೆ ಸರಿಸುತ್ತ ಹೋದದ್ದನ್ನು ನೋಡುತ್ತ ನೋಡುತ್ತ ಜಯಲತಾಳ ಮೈ ಸಡಿಲಾಯಿತು. ಅವಳೂ ಹುಡುಕತೊಡಗಿದಳು.

ಸಿಕ್ಕಿದ್ದು ಹೋದ ವರ್ಷ ಶ್ರಾವಣದ ಒಂದು ಮಧ್ಯಾಹ್ನದ್ದು. ಮುಂದೆ ಜಯಲತಾಳ ಮುಖ ದೊಡ್ಡದಾಗಿ, ಕಣ್ಣು ಮೇಲಕ್ಕೆ ಹೋಗಿ, ಬಂಗು ಸಮೇತ. ಹಿಂದೆ, ಅವಳ ಎಡಭುಜದ ಮೇಲೆ ಬಾಗಿಕೊಂಡು, ಜಾರುತ್ತಿದ್ದ ಸೆರಗಿಗೆ ಪಿನ್ನು ಹಾಕಲು ಬಂದ ದಮಯಂತಿಯಕ್ಕ. ಇನ್ನೊಂದು ಪಿನ್ನು ಹಲ್ಲಿನಲ್ಲಿ ಕಚ್ಚಿದ್ದಳು, ತಡೆಯಲಾಗದ ನಗು ಅದರ ಎರಡೂ ಬದಿಯಿಂದ ಹೊರಗೆ ಬಂದಿತ್ತು. ಪೂರ್ತಿ ಮುಖ. ಕಪ್ಪಗೆ, ಬೆವರಿ, ಕಣ್ಣಂಚಿನಲ್ಲಿ ಗೆರೆಗಳೆಲ್ಲ ಕೂಡಿಕೊಂಡು.

ರಮಿತಾ ಬಾಯಿಗೆ ಕೈ ಒತ್ತಿಕೊಂಡಳು. ಲೀಲಾಧರ ಬಂದು ನೋಡಿದ, ಶರ್ಮಿಳಾ ಬಂದು ನೋಡಿ ಅಲ್ಲೇ ಕುರ್ಚಿ ಎಳೆದು ಕೂತು ಅಳತೊಡಗಿದಳು. ಮಾಲೆ ಹಾಕಬೇಕಾದರೆ ಬದುಕಿರುವವಳನ್ನು ಬಿಡಿಸಬೇಕೆಂದು ಯಾರೋ ಹಿರಿಯರು ಹೇಳಿದರು. "ನನ್ನನ್ನು ಕತ್ತರಿಸು ಮಗಾ, ಪೂರ್ತಿ ತೆಗಿ" ಎಂದಳು ಜಯಲತಾ. ಎಷ್ಟು ಕತ್ತರಿಸಿದರೂ ದಮಯಂತಿಯಕ್ಕನ ಬೆರಳುಗಳ ಕೆಳಗೆ ಒಂದು ಭುಜ ಉಳಿದೇ ಉಳಿಯಿತು. ಇರಲಿ ಎಂದರು. ಫೋನನ್ನು ಮೇಜಿನ ಮೇಲೆ ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿ, ಐವತ್ತು ಜನ ಸಾಲಾಗಿ ಬಂದು, ಬಗ್ಗಿ ಬಗ್ಗಿ ನೋಡಿ ಹೂವಿಟ್ಟರು.

ಎಲ್ಲ ಮುಗಿದ ಮೇಲೆ ರಮಿತಾ ಮತ್ತೆ ಪಕ್ಕಕ್ಕೆ ಬಂದು ಕೂತಳು. ಕತ್ತರಿಸದ ಫೋಟೊ ಅವಳ ಫೋನಿಗೂ ಹೋಗಿತ್ತು.

"ಆಂಟಿ, ಅಮ್ಮ ಇಷ್ಟು ನಗ್ತಿದ್ದಾರಲ್ಲ, ಪಿನ್ನು ಬಾಯಲ್ಲಿಟ್ಟು ಏನೋ ಹೇಳ್ತಾನೂ ಇದ್ದಾರೆ. ಏನು ಹೇಳಿದ್ರು?"

ಜಯಲತಾ ನೆನಪು ಮಾಡಿಕೊಂಡಳು. ಭುಜದ ಮೇಲೆ ಆ ಬೆರಳುಗಳ ಬಿಸಿ ನೆನಪಿಗೆ ಬಂತು. ಕಿವಿಯ ಹಿಂದೆ ಒಂದು ಮಾತು, ಒಂದು ನಗು. "ಅಲುಗಾಡಬೇಡಿ ಅಕ್ಕ, ಒಂದು ನಿಮಿಷ" ಎಂದು ತಾನು ಹೇಳಿದ್ದು ಸ್ಪಷ್ಟವಾಗಿ ನೆನಪಾಯಿತು. ಆ ಮಾತು ಏನೆಂದು ಎಷ್ಟು ತಡಕಿದರೂ ಸಿಗಲಿಲ್ಲ.

"ಗೊತ್ತಿಲ್ಲ ಮಗಾ" ಎಂದಳು. ಹೇಳುವಾಗ ಅವಳಿಗೆ ಅಳು ಬಂತು. "ನಾನು ತಿರುಗಿ ನೋಡ್ಲಿಲ್ಲ."